ತದಡಿ ತುಂಡಿನ ಹೊಸ ಪ್ರಭೇದ

ಮನೆಯೆಲ್ಲ ಮಲಗಿದ ಮೇಲೆ ಜಗಲಿಯಲ್ಲಿ ಏನೋ ಟಿಕ್ ಎಂದಿತು. ಇಲಿ ಇರಬಹುದೆಂದು ದಿವ್ಯಶ್ರೀ ದಡಬಡಿಸಿ ಎದ್ದಳು. ಅವಳ ಪಿಎಚ್.ಡಿ. ಅಲ್ಲೇ ಒದ್ದೆ ಗೋಣಿಯ ಮೇಲಿತ್ತು: ಎರಡು ಕೊಳೆತ ಮರದ ತುಂಡು, ಅವುಗಳ ಮೇಲೆ ಲೋಳೆಬೂಷ್ಟು.

ಒಂದು ತುಂಡು ಗೇರುಸೊಪ್ಪದಿಂದ ತಂದದ್ದು, ಇನ್ನೊಂದು ತದಡಿಯಿಂದ. ಎರಡರ ಮೇಲೂ ಬೂಷ್ಟು ಹಳದಿ ಲೋಳೆಯಾಗಿ ಹರಿದು, ಆಮೇಲೆ ಸಾಸಿವೆಯಷ್ಟು ಗುಂಡುಗಳಾಗಿ ಏಳುತ್ತಿತ್ತು. ಥೇಟ್ ಅಕ್ಕತಂಗಿಯರು. ಆದರೆ ಗೇರುಸೊಪ್ಪದ ಗುಂಡುಗಳಿಗೆ ತೆಳು ಸಿಪ್ಪೆ, ತದಡಿಯವಕ್ಕೆ ಸುಣ್ಣದ ದಪ್ಪ ಪದರ. ಈ ಬೂಷ್ಟುಗಳ ಜಾತಿ ನಿರ್ಣಯವಾಗುವುದೇ ಮೈಮೇಲಿನ ಸುಣ್ಣದಿಂದ. ಆ ಪದರ ಕಂಡ ದಿನವೇ ಮಾರ್ಗದರ್ಶಕ ಸುಧಾಕರ ಸರ್ ತದಡಿಯದು ಜಗತ್ತಿಗೇ ಹೊಸ ಪ್ರಭೇದವೆಂದು ಸಾರಿ, ಬಹಳ ಸಂಕೋಚಪಟ್ಟುಕೊಂಡು ಅದಕ್ಕೆ ತಮ್ಮದೇ ಹೆಸರಿಟ್ಟಿದ್ದರು.

ದಿವ್ಯಶ್ರೀ ಬಾಗಿಲು ಸರಿಸಿದಳು. ಹೊನ್ನಾವರದ ಆ ಬಾಡಿಗೆ ಮನೆಯ ಒಡತಿ ಸೋಮಿ ಸುಣ್ಣದ ಡಬ್ಬಿ ಮುಚ್ಚಿ, ಎಲೆಯಡಿಕೆಯ ಕವಳ ಬಾಯಿಗಿಟ್ಟು, ಬೆರಳಲ್ಲಿ ಉಳಿದ ಸುಣ್ಣವನ್ನು ತದಡಿಯ ತುಂಡಿಗೆ ನೀಟಾಗಿ ಒರೆಸುತ್ತಿದ್ದಳು.

"ಸೋಮಕ್ಕಾ, ಅದಕ್ಕೆ ಯಾಕೆ ಒರೆಸ್ತೀರಿ?"

"ಮತ್ತೆಂತ ಮಾಡೂದು ತಂಗಿ? ಕಂಬಕ್ಕೆ ಹೊಸಾ ಬಣ್ಣ ಹೊಡ್ಸಿದ್ರಲೆ, ಮುಟ್ಟಿದ್ರೆ ಮಗ ಬೈತ. ನಿನ್ನ ಕೊಳ್ತ ಕಟ್ಗೆಗೆ ಯಾರು ಬೈತ್ರು?"

"ಯಾವಾಗಿಂದ?"

"ನೀನು ಅದ್ನ ತಂದಿಟ್ಟ ದಿವ್ಸದಿಂದ."

ದಿವ್ಯಶ್ರೀ ತುಂಡನ್ನು ಒಳಗೊಯ್ದು, ಸೋಮಿಯ ಬೆರಳು ತಲುಪದ ಅಡಿಭಾಗದ ಗುಂಡುಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ತೆಳು ಸಿಪ್ಪೆ. ಗೇರುಸೊಪ್ಪದ್ದರ ಹಾಗೇ. ಪ್ರಕೃತಿ ಕೋಟಿ ವರ್ಷ ತಿಣುಕಿ ಮಾಡದ ಪ್ರಭೇದವನ್ನು ಸೋಮಿ ಊಟದ ಮೇಲೆ ಮಾಡಿ ಮುಗಿಸಿದ್ದಳು.

ಬೆಳಿಗ್ಗೆ ಸರ್‌ಗೆ ಫೋನ್ ಮಾಡಿ, ಇನ್ನೊಮ್ಮೆ ಪರೀಕ್ಷಿಸಿದರೆ ಒಳ್ಳೆಯದಿತ್ತೇನೋ ಎಂದು ಅಳೆದು ಸುರಿದು ಹೇಳಿದಳು. ಲೇಖನ ಅಚ್ಚಿಗೆ ಹೋಗಿದೆ, ಕುಮಟಾದಲ್ಲಿ ಸನ್ಮಾನವೂ ನಿಗದಿಯಾಗಿದೆ, ಶಾಲಿನ ಬಣ್ಣವನ್ನೂ ತಾವೇ ಆರಿಸಿದ್ದಾಗಿದೆ ಎಂದರು ಅವರು. ಆಮೇಲೆ ದನಿ ತಗ್ಗಿಸಿದರು.

"ನೋಡಮ್ಮಾ, ಅನುಮಾನ ಒಳ್ಳೆಯದೇ. ಆದ್ರೆ ಹೊಸ ಪ್ರಭೇದ ಇಲ್ಲ ಅಂದ್ರೆ ನಿನ್ನ ಪ್ರಬಂಧದಲ್ಲಿ ಉಳಿಯೂದು ಎಂತದು?"

ಎರಡು ಕಟ್ಟಿಗೆ ತುಂಡು. ಹಾಗೆಂದುಕೊಂಡು ದಿವ್ಯಶ್ರೀ ಫೋನ್ ಇಟ್ಟಳು.

ಮುಂದೆಂದಾದರೂ ಪರದೇಶದ ಪಂಡಿತರು ತದಡಿಯಲ್ಲೆಲ್ಲ ಹುಡುಕಿಯಾರು, ದಪ್ಪ ಸುಣ್ಣದ ಬೂಷ್ಟು ಎಲ್ಲೂ ಸಿಗಲಿಕ್ಕಿಲ್ಲ. ಆಗ ಅದನ್ನು ಅಳಿವಿನಂಚಿನ ಜೀವಿಯೆಂದು ಘೋಷಿಸಿ, ಉಳಿಸಿಕೊಳ್ಳಲು ಸಮಿತಿ ಮಾಡುತ್ತಾರೆ. ಅಧ್ಯಕ್ಷರು ಸುಧಾಕರ ಸರ್ ಅಲ್ಲದೆ ಇನ್ಯಾರು?

ಸುಣ್ಣದ ಸಂಗತಿ ಯಾರಿಗೂ ಹೇಳುವುದು ಬೇಡವೆಂದು ದಿವ್ಯಶ್ರೀ ತೀರ್ಮಾನಿಸಿದಳು, ಸೋಮಕ್ಕನಿಗೂ.