ಹೆಣ್ಣಿನ ಅಪ್ಪ ಎಲ್ಲಿ?

ಕಲ್ಪನಾಳ ಮದುವೆಗೆ ಫೋಟೋ ಯಾರು ತೆಗೆಯಬೇಕು ಎಂಬ ಮಾತು ಬಂದಾಗ ಅವಳ ಅಪ್ಪ ಆವುಲಪ್ಪ ಯೋಚನೆ ಮಾಡಲೇ ಇಲ್ಲ.

"ನಮ್ ಮಾಲಾ ಇದಾಳಲ್ಲ, ಅವಳೇ ತೆಗೀಲಿ. ಮನೇಲೇ ಕಲ್ತೋಳು ಇರೋವಾಗ ಬ್ಯಾರೆಯವ್ರು ಯಾಕೆ?"

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಹೊಸೂರಿನಿಂದ ದೊಡ್ಡ ಸ್ಟುಡಿಯೋದವರನ್ನೇ ಕರೆಸಬೇಕೆಂದು ಅವರಿಗೆ ಆಸೆಯಿತ್ತು. ಆವುಲಪ್ಪ ಪಟ್ಟು ಬಿಡಲಿಲ್ಲ.

ಮಾಲಾ ಅವನ ತಮ್ಮನ ಮಗಳು. ತಮ್ಮನ ಸಂಸಾರ ಸ್ವಂತ ಊರಾದ ಜವಳಗಿರಿ ಬಿಟ್ಟು ಹೊಸೂರಿಗೆ ಬಂದು ವರ್ಷಗಳಾಗಿದ್ದವು. ಮಾಲಾ ಮೊಬೈಲ್ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಜೊತೆಗೆ ಕೆಲಸ ಮಾಡುವ ತಿಲಕ್‌ನ ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ ಇತ್ತು. ರಜೆ ಸಿಕ್ಕಾಗಲೆಲ್ಲ ಅದನ್ನು ಕೇಳಿ ತಂದು ಬೆಟ್ಟದ ಗುಡಿಯ ಮೆಟ್ಟಿಲು, ಹೂ ಕಟ್ಟುವವರ ಬೆರಳು, ಸಂತೆಯ ಟೊಮೆಟೊ ರಾಶಿ ಎಂದು ತೆಗೆಯುತ್ತಿದ್ದಳು. ನೋಡಿದವರು ಚೆನ್ನಾಗಿದೆ ಎನ್ನುತ್ತಿದ್ದರು. ಮದುವೆ ಮಾತ್ರ ಒಂದೂ ತೆಗೆದಿರಲಿಲ್ಲ.

ಮದುವೆ ಕಾರ್ತೀಕದಲ್ಲಿ, ಪಕ್ಕದ ಊರು ತಳಿಯ ಕಲ್ಯಾಣ ಮಂಟಪದಲ್ಲಿ ನಡೆಯಿತು. ಮಾಲಾ ಮೊದಲೇ ವಿಡಿಯೋಗಳನ್ನು ನೋಡಿ ಯಾವ್ಯಾವ ಚಿತ್ರ ಬೇಕೆಂದು ಮನಸ್ಸಿನಲ್ಲಿ ಬರೆದುಕೊಂಡಿದ್ದಳು. ಮೆಹಂದಿಯ ಕೈ, ಕಿಟಕಿಯ ಬೆಳಕಿನಲ್ಲಿ ಹೆಣ್ಣು, ಅಕ್ಷತೆ ಗಾಳಿಯಲ್ಲಿ ಹಾರುವ ಕ್ಷಣ. ಅವು ಒಂದೊಂದಾಗಿ ಸಿಗುತ್ತಿದ್ದ ಹಾಗೆ ಅವಳಿಗೆ ಬೇರೆ ಯಾವುದರ ಮೇಲೂ ಗಮನವಿರಲಿಲ್ಲ.

ಆವುಲಪ್ಪ ಮಗಳ ಮದುವೆಗೆಂದು ಹೊಲಿಸಿದ ಬಿಳಿ ಶರ್ಟು, ಜರಿಯಂಚಿನ ಪಂಚೆ ಉಟ್ಟು ಎಲ್ಲ ಕಡೆಯೂ ಓಡಾಡುತ್ತಿದ್ದ. ಬೀಗರನ್ನು ಕೂರಿಸುವುದು, ಅಡುಗೆಯವರನ್ನು ವಿಚಾರಿಸುವುದು, ಯಾರದೋ ಮಗು ಅತ್ತರೆ ಎತ್ತಿಕೊಳ್ಳುವುದು. ಎಷ್ಟೋ ಸಲ ಅವನು ಮಾಲಾಳ ಚಿತ್ರದೊಳಗೆ ಬಂದುಬಿಡುತ್ತಿದ್ದ.

"ದೊಡ್ಡಪ್ಪಾ, ಒಂಚೂರು ಪಕ್ಕಕ್ಕೆ ಬಾ."

"ಬಂದೆ ಕಣಮ್ಮಾ, ಬಂದೆ," ಎಂದು ತಲೆ ತಗ್ಗಿಸಿ ಸರಿದುಬಿಡುತ್ತಿದ್ದ. ಕ್ಯಾಮೆರಾದ ಮುಂದೆ ಹಾದುಹೋಗಬೇಕಾದರೆ ಮಳೆಯಲ್ಲಿ ಹೋಗುವವನಂತೆ ಬೆನ್ನು ಬಾಗಿಸುತ್ತಿದ್ದ.

ಧಾರೆಯ ಹೊತ್ತಿಗೆ ಮಾಲಾ ಮಂಟಪದ ಮೇಲೆ ಮಂಡಿಯೂರಿ ಕೂತು ಕೈಗಳನ್ನೇ ಹಿಡಿದಳು. ಚೊಂಬಿನಿಂದ ಬೀಳುವ ಹಾಲು, ಅದರ ಕೆಳಗೆ ಒಂದರ ಮೇಲೊಂದು ಇಟ್ಟ ಕೈಗಳು, ಹಿಂದಿನದೆಲ್ಲ ಮಸುಕು. ಚಿತ್ರ ನೋಡಿ ಅವಳಿಗೇ ಮೈ ಜುಮ್ಮೆಂದಿತು. ಊಟದ ಹೊತ್ತಿಗೆ ಹೆಣ್ಣಿನ ಮನೆಯವರು ಮಂಟಪದ ಮೇಲೆ ಸಾಲಾಗಿ ನಿಂತರು. ಆವುಲಪ್ಪ ಕೆಳಗೆ ಬೀಗರ ಪಂಕ್ತಿಯಲ್ಲಿ ಬಡಿಸುವುದನ್ನು ನೋಡಿಕೊಳ್ಳುತ್ತಿದ್ದ. ಅವನಿಗಾಗಿ ಕಾಯದೆ ಮಾಲಾ ಫೋಟೋ ತೆಗೆದಳು.

ಆಮೇಲೆ ಅವನೇ ಬಂದ. ಮುಖದ ಬೆವರನ್ನು ಟವೆಲಿನಿಂದ ಒರೆಸಿಕೊಂಡು, ಶರ್ಟಿನ ಗುಂಡಿ ಸರಿಮಾಡಿಕೊಂಡು, "ನಂದೂ ಒಂದು ತೆಗೀತೀಯಾ ಮಗಾ? ನಿಮ್ ದೊಡ್ಡಮ್ಮನ್ನೂ ಕರೀತೀನಿ," ಎಂದ.

ಹೊರಗೆ ಹೆಣ್ಣುಗಂಡು ಕಾರು ಹತ್ತುವುದರಲ್ಲಿದ್ದರು. ಕಾರಿನ ಗಾಜಿನಲ್ಲಿ ಕಲ್ಪನಾಳ ಮುಖ ಹಿಡಿಯಬೇಕೆಂದು ಮಾಲಾ ಆಗಲೇ ಬಾಗಿಲಿಗೆ ಓಡುತ್ತಿದ್ದಳು.

"ಆಮ್ಯಾಕೆ ದೊಡ್ಡಪ್ಪಾ, ಈಗ್ಲೇ ಬಂದೆ!"

ಮತ್ತೆ ಒಳಗೆ ಬಂದಾಗ ಅವನು ಕುರ್ಚಿ ಎತ್ತಿಡುತ್ತಿದ್ದ. ಇಬ್ಬರಿಗೂ ಆ ಮಾತು ನೆನಪಾಗಲಿಲ್ಲ. ಅಥವಾ ಅವನಿಗೆ ನೆನಪಿದ್ದು, ಮತ್ತೆ ಕೇಳಲು ಸಂಕೋಚವಾಗಿತ್ತೋ ಏನೋ.

ಮುಂದಿನ ವಾರ ಮಾಲಾ ಚಿತ್ರಗಳನ್ನೆಲ್ಲ ತೆಗೆದುಕೊಂಡು ಹೊಸೂರು ಬಸ್ ಸ್ಟ್ಯಾಂಡಿನ ಹಿಂದಿರುವ ಉಮಾಶಂಕರ್ ಅವರ ಸ್ಟುಡಿಯೋಗೆ ಹೋದಳು. ಅವರು ಹೊಸೂರು, ಕೃಷ್ಣಗಿರಿ ಎಂದು ಊರೂರು ತಿರುಗಿ ಮದುವೆಗಳನ್ನು ತೆಗೆದು ತಲೆ ನರೆಸಿಕೊಂಡವರು. ಯಾರಾದರೂ ಬಲ್ಲವರು ತನ್ನ ಕೆಲಸ ನೋಡಿ ಒಂದು ಮಾತು ಹೇಳಲಿ ಎಂಬ ಆಸೆ ಅವಳಿಗೆ. ಒಳ್ಳೆಯ ಮಾತನ್ನೇ ಹೇಳುತ್ತಾರೆ ಎಂಬ ನಂಬಿಕೆಯೂ ಇತ್ತು.

ಉಮಾಶಂಕರ್ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಧಾರೆಯ ಕೈಗಳ ಚಿತ್ರ ಬಂದಾಗ ಮೌಸ್ ನಿಲ್ಲಿಸಿದರು.

"ಇದು ಚೆನ್ನಾಗಿದೆಯಮ್ಮಾ. ಬೆಳಕು ಚೆನ್ನಾಗಿ ಹಿಡಿದಿದ್ದೀಯ. ನಿನಗೆ ಕಣ್ಣಿದೆ."

ಮಾಲಾಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅವರು ಮುಂದಕ್ಕೆ ಹೋದರು. ಮತ್ತೆ ಹಿಂದಕ್ಕೆ ಬಂದರು. ಕುಟುಂಬದವರು ಸಾಲಾಗಿ ನಿಂತ ಚಿತ್ರವನ್ನು ದೊಡ್ಡದು ಮಾಡಿ ಒಂದೊಂದು ಮುಖವನ್ನೂ ನೋಡಿದರು. ಹುಡುಕಾಟದಲ್ಲಿ ಅವರ ಬಾಯಿಗೆ ತಮಿಳೇ ಬಂತು.

"ಪೊಣ್ಣೋಡ ಅಪ್ಪಾ ಎಂಗಮ್ಮಾ? ಹೆಣ್ಣಿನ ಅಪ್ಪ ಎಲ್ಲಿ?"

"ಇದಾರೆ ಸಾರ್, ಇರ್ತಾರೆ," ಎಂದು ಮಾಲಾ ತಾನೇ ಮೌಸ್ ಹಿಡಿದಳು. ಧಾರೆಯಲ್ಲಿ ಅವನ ಕೈ ಇತ್ತು. ಆರತಿಯ ಹಿಂದೆ ಮಸುಕಾಗಿ ಒಂದು ಬಿಳಿ ಶರ್ಟು ಇತ್ತು. ಇನ್ನೊಂದರಲ್ಲಿ ಬಾಗಿ ಸರಿದು ಹೋಗುವ ಬೆನ್ನು. ಮುಖ ಇರಲಿಲ್ಲ.

"ಫೋಟೋ ಚೆನ್ನಾಗಿರಬೇಕು, ಸರಿ," ಎಂದರು ಉಮಾಶಂಕರ್. ದನಿಯಲ್ಲಿ ಕೋಪವೇನೂ ಇರಲಿಲ್ಲ. "ಆದರೆ ಮದುವೆ ಆಲ್ಬಮ್ ತೆರೆದವರು ಮೊದಲು ನೋಡೋದು ತಮ್ಮ ಜನರನ್ನ. ನೀನು ಮದುವೆ ತೆಗೆದಿದ್ದೀಯ, ಮನೆಯವರನ್ನ ತೆಗೆದಿಲ್ಲ. ಈಗಲೂ ಏನೂ ಕೆಟ್ಟಿಲ್ಲ. ಊರಿಗೆ ಹೋಗು. ಅಪ್ಪ ಅಮ್ಮ ಇಬ್ಬರಿಗೂ ಅದೇ ಬಟ್ಟೆ ಉಡಿಸಿ ಮನೆ ಮುಂದೆ ನಿಲ್ಲಿಸಿ ಒಂದು ತೆಗಿ. ಅದನ್ನ ಆಲ್ಬಮ್ಮಿನ ಮೊದಲ ಪುಟಕ್ಕೆ ಹಾಕು."

ಹೊರಗೆ ಬಂದ ಮೇಲೆ ಮಾಲಾಳಿಗೆ ಅಳು ಬಂತು. ಕಣ್ಣಿದೆ ಎಂದ ಮಾತು ಮರೆತೇ ಹೋಯಿತು. ಹಳೇ ಕಾಲದವರು, ಸಾಲಾಗಿ ನಿಲ್ಲಿಸಿ ತೆಗೆದದ್ದೇ ಅವರಿಗೆ ಫೋಟೋ ಎಂದು ಮನೆಯವರೆಗೂ ಮನಸ್ಸಿನಲ್ಲೇ ಜಗಳವಾಡಿದಳು. ಎರಡು ದಿನ ಕಳೆದು ಬಿಸಿ ಆರಿದ ಮೇಲೆ ಅವರ ಮಾತು ಸರಿ ಅನ್ನಿಸಿತು. ದೊಡ್ಡಪ್ಪನಿಗೆ ಫೋನ್ ಮಾಡಿದಳು.

"ದೊಡ್ಡಪ್ಪಾ, ಭಾನ್ವಾರ ಬತ್ತೀನಿ. ನಿಂದೂ ದೊಡ್ಡಮ್ಮಂದೂ ಫೋಟೋ ತೆಗೀಬೇಕು. ಮದ್ವೆ ಶರ್ಟು ಹಾಕ್ಕೊಂಡು ರೆಡಿಯಾಗಿರು."

ಅವನು ನಕ್ಕ. "ಮದ್ವೆ ಮುಗ್ದೋದ್ ಮ್ಯಾಕೆ ನಮ್ಗೆ ಮದ್ವೆ ಮಾಡ್ತೀಯೇನಮ್ಮಾ? ಬಾ, ಬಾ. ಅವರೆಕಾಯಿ ಬಂದೈತೆ, ಸಾರು ಮಾಡಿಸ್ತೀನಿ."

ಶನಿವಾರ ಸಂಜೆ ಕಾರ್ಖಾನೆಯಲ್ಲಿ ಭಾನುವಾರವೂ ಕೆಲಸವಿದೆ ಎಂದರು. ಮಾಲಾ ಬೇಡವೆನ್ನಬಹುದಿತ್ತು, ಅನ್ನಲಿಲ್ಲ. ಮುಂದಿನ ವಾರ ಹೋದರಾಯಿತು ಎಂದುಕೊಂಡಳು. ಫೋನ್ ಮಾಡಿ ತಿಳಿಸುವುದೂ ಕೆಲಸದ ಗಡಿಬಿಡಿಯಲ್ಲಿ ತಪ್ಪಿಹೋಯಿತು.

ಆ ವಾರದ ನಡುವೆ ಒಂದು ಬೆಳಿಗ್ಗೆ ಆವುಲಪ್ಪ ರಾಗಿ ಹೊಲ ನೋಡಿಕೊಂಡು ಬರಲು ಹೋದ. ತೆನೆ ಬಲಿತಿತ್ತು. ರಾಗಿ ಮೇಯಲು ಬಂದಿದ್ದ ಆನೆಗಳು ಕಾಡಿಗೆ ಮರಳಿದವೆಂದು ಎಲ್ಲರೂ ತಿಳಿದಿದ್ದರು. ಗುಂಪಿನಿಂದ ಬೇರೆಯಾದ ಒಂದು ಆನೆ ಹುಣಸೆ ಮರದ ಹಿಂದೆ ನಿಂತಿದ್ದದ್ದು ಮಂಜಿನಲ್ಲಿ ಅವನಿಗೆ ಕಾಣಲಿಲ್ಲ.

ದೊಡ್ಡಪ್ಪ ಹೋದ ಸುದ್ದಿ ಮಾಲಾಳಿಗೆ ಬಂದಾಗ ಅವಳು ಕಾರ್ಖಾನೆಯ ಬಸ್ಸಿನಲ್ಲಿದ್ದಳು. ಇಳಿದು ನಡುರಸ್ತೆಯಲ್ಲಿ ನಿಂತಿದ್ದಾಗ ಕಲ್ಪನಾಳ ಫೋನ್ ಬಂತು.

"ಮಾಲಾ, ಸಾವಿನ ಬ್ಯಾನರ್‌ಗೆ ಅಪ್ಪಂದು ಒಂದು ಒಳ್ಳೆ ಫೋಟೋ ಕಳ್ಸೇ. ಅಂಗಡಿಯವ್ರು ಕೇಳ್ತಾವ್ರೆ. ನಿನ್ ಹತ್ರ ಬೇಕಾದಷ್ಟು ಇರ್ತವಲ್ಲ."

ಮಾಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಕೇಳಿಸ್ತಾ? ಮದ್ವೆದೇ ಕಳ್ಸು. ನಗ್ತಾ ಇರೋದು."

"ಅಕ್ಕಾ... ನೋಡ್ತೀನಿ ಅಕ್ಕಾ."

ಸಂಜೆ ಡೆಂಕಣಿಕೋಟೆಯ ಆಸ್ಪತ್ರೆಯಿಂದ ಹೆಣ ಬಂತು. ಪೂರ್ತಿ ಸುತ್ತಿಬಿಟ್ಟಿದ್ದರು. ಮುಖ ತೋರಿಸಬೇಡಿ ಎಂದು ಅಲ್ಲಿಯವರೇ ಹೇಳಿ ಕಳಿಸಿದ್ದರು. ದೊಡ್ಡಮ್ಮ ರಾಮಲಕ್ಷ್ಮಮ್ಮ ಬಟ್ಟೆಯ ಮೇಲೆ ಗಂಡನ ಎದೆಯ ಜಾಗದಲ್ಲಿ ಕೈಯಿಟ್ಟು ಕೂತಿದ್ದಳು. ಅಳುತ್ತಿರಲಿಲ್ಲ. "ಒಂದ್ಸಲ ಮಖ ತೋರ್ಸಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಯಾರೂ ತೋರಿಸಲಿಲ್ಲ. ಹಾಗೆಯೇ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು.

ಊರ ಬಾಗಿಲಲ್ಲಿ ಕಟ್ಟಿದ ತಮಿಳು ಬ್ಯಾನರಿನ ಮೇಲೆ ರೇಷನ್ ಕಾರ್ಡಿನ ಫೋಟೋ ದೊಡ್ಡದಾಗಿ ಬಂದಿತ್ತು. ಬೆದರಿದ ಕಣ್ಣು, ಒಂದು ಕಡೆಗೆ ಎಳೆದ ತುಟಿ, ದೊಡ್ಡದು ಮಾಡಿದ್ದಕ್ಕೆ ಚುಕ್ಕೆ ಚುಕ್ಕೆಯಾಗಿ ಒಡೆದುಹೋದ ಮುಖ. ನೆಂಟರಿಷ್ಟರ ಫೋನುಗಳಲ್ಲೂ ಹುಡುಕಿದ್ದರು. ಎಲ್ಲೋ ಒಂದರಲ್ಲಿ ಅವನು ಎಲೆಗೆ ಬಾಗಿ ಬಡಿಸುತ್ತಿದ್ದ. ಇನ್ನೊಂದರಲ್ಲಿ ಕಣ್ಣು ಮುಚ್ಚಿದ್ದ.

ಕಲ್ಪನಾ ಬ್ಯಾನರಿನ ಕೆಳಗೆ ಮಾಲಾಳನ್ನು ತಡೆದಳು.

"ಒಂದೂ ಇಲ್ವಾ?"

"ಇಲ್ಲ ಅಕ್ಕಾ."

"ನನ್ ಬೆರಳಿನ ಉಂಗುರ ಎಷ್ಟು ಸಲ ತೆಗ್ದೆ ಅವತ್ತು! ನಮ್ಮಪ್ಪ ನಿನ್ ಕಣ್ಣಿಗೆ ಕಾಣ್ಲೇ ಇಲ್ವಾ?" ಎಂದವಳು ಉತ್ತರಕ್ಕೂ ನಿಲ್ಲದೆ ಒಳಗೆ ಹೋದಳು.

ಮಾಲಾ ಮತ್ತೆ ಉಮಾಶಂಕರ್ ಬಳಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. "ನಾನು ಹೇಳಿದ್ದೆನಲ್ಲ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ರೇಷನ್ ಕಾರ್ಡಿನ ಫೋಟೋ, ಫೋನಿನಲ್ಲಿ ಸಿಕ್ಕ ಅರ್ಧಂಬರ್ಧ ಮುಖಗಳು, ಮಸುಕಾದ ಬಿಳಿ ಶರ್ಟು ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, ಈಗ ಬಂದಿರುವ ಹೊಸ ವಿದ್ಯೆಯಿಂದ ಒಂದು ಮುಖ ಮಾಡಿಸಿದರು. ಫ್ರೇಮು ಹಾಕಿಸಿ ಕೊಟ್ಟರು. ಅದರಲ್ಲಿ ಆವುಲಪ್ಪ ನಗುತ್ತಿದ್ದ. ಕೆನ್ನೆ ತುಂಬಿತ್ತು, ಹಲ್ಲು ಬೆಳ್ಳಗಿತ್ತು.

ತಿಥಿಯ ದಿನ ಮಾಲಾ ಅದನ್ನು ಜವಳಗಿರಿಗೆ ತಂದಳು. ನೆಂಟರು ಊಟ ಮುಗಿಸಿ ಹೊರಡುವವರೆಗೂ ಹೊರಗೆ ತೆಗೆಯಲಿಲ್ಲ. ಆಮೇಲೆ ದೊಡ್ಡಮ್ಮನ ಮುಂದಿಟ್ಟಳು.

ರಾಮಲಕ್ಷ್ಮಮ್ಮ ಸೆರಗಿನಿಂದ ಗಾಜು ಒರೆಸಿ ನೋಡಿದಳು. ದೂರ ಹಿಡಿದು ನೋಡಿದಳು. ಹತ್ತಿರ ತಂದು ನೋಡಿದಳು.

"ಚೆಂದಾಗವ್ರೆ," ಎಂದಳು ನಿಧಾನವಾಗಿ. "ಆದ್ರೆ ಇವ್ರು ನಮ್ಮವ್ರಲ್ಲ ಕಣಮ್ಮಾ."

"ದೊಡ್ಡಮ್ಮಾ..."

"ಇವ್ರು ಯಾರೋ ಏನೋ. ನಮ್ಮವ್ರಿಗೆ ಈ ಹುಬ್ಬಿನ ಮ್ಯಾಲೆ ಎತ್ತಿನ ಕೊಂಬು ತಗ್ಲಿ ಸೀಳಿತ್ತು. ಅದಿಲ್ಲ. ಅವ್ರು ನಕ್ಕರೆ ಈ ಕಣ್ಣು ಪೂರ್ತಿ ಮುಚ್ಕೋತಿತ್ತು. ಇಲ್ಲಿ ಎರಡೂ ಬಿಟ್ಕೊಂಡು ನಗ್ತಾವ್ರೆ."

ಫ್ರೇಮನ್ನು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡಳು. ಯಾವುದೋ ಸಣ್ಣ ವಿಷಯ ಹೇಳುವವಳಂತೆ, "ಭಾನ್ವಾರ ಕಾದ್ರು," ಎಂದಳು.

ಮಾಲಾ ತಲೆ ಎತ್ತಲಿಲ್ಲ.

"ಬೆಳಿಗ್ಗೇನೇ ತಳಿಗೆ ಹೋಗಿ ಕ್ಷೌರ ಮಾಡಿಸ್ಕೊಂಡು ಬಂದ್ರು. ಶರ್ಟು ಇಸ್ತ್ರಿ ಮಾಡಿಸಿದ್ರು. ನಂಗೂ ರೇಷ್ಮೆ ಸೀರೆ ಉಡ್ಸಿದ್ರು. ಇಬ್ರೂ ಜಗಲಿ ಮ್ಯಾಲೆ ಕುಂತಿದ್ವಿ. ಹೋಗೋ ಬರೋರೆಲ್ಲ ನಗ್ತಿದ್ರು. ಬಸ್ಸು ಬಂದಾಗೆಲ್ಲ ಎದ್ದು ನೋಡೋರು. ಸಂಜೆ ಆಯ್ತು, ಶರ್ಟು ಬಿಚ್ಚಿ ಮಡಿಚಿಕ್ಕಿದ್ರು. ಪಾಪ, ಮಗೀಗೆ ಏನ್ ಕೆಲ್ಸ ಬಂತೋ ಅಂದ್ರು."

ಮಾಲಾ ನೆಲದ ಮೇಲೆ ಕುಸಿದು ದೊಡ್ಡಮ್ಮನ ಕಾಲು ಹಿಡಿದುಕೊಂಡಳು. ಬಿಕ್ಕಿ ಬಿಕ್ಕಿ ಅತ್ತಳು. ರಾಮಲಕ್ಷ್ಮಮ್ಮ ಅವಳನ್ನು ಎಬ್ಬಿಸಲಿಲ್ಲ, ದೂಡಲೂ ಇಲ್ಲ. ಅವಳ ಜಡೆಯ ಮೇಲೆ ಕೈ ಇಟ್ಟುಕೊಂಡು ಅಂಗಳದ ಕಡೆ ನೋಡುತ್ತ ಕೂತಳು.

"ಆ ಮಿಷಿನ್ನು ತಂದಿದ್ದೀಯಾ?" ಎಂದು ಆಮೇಲೆ ಕೇಳಿದಳು.

ಕ್ಯಾಮೆರಾ ಚೀಲದಲ್ಲೇ ಇತ್ತು. ಸಂಜೆ ಹೊಸೂರಿಗೆ ಮರಳಿದ ಮೇಲೆ ತಿಲಕ್‌ಗೆ ಕೊಟ್ಟುಬಿಡಬೇಕು, ಇನ್ನೆಂದೂ ಮುಟ್ಟಬಾರದು ಎಂದು ಮಾಲಾ ನಿರ್ಧಾರ ಮಾಡಿಕೊಂಡು ಬಂದಿದ್ದಳು.

"ನಂದೊಂದು ತೆಗ್ದುಬುಡು."

"ಬ್ಯಾಡ ದೊಡ್ಡಮ್ಮಾ. ಈಗ ಬ್ಯಾಡ."

"ಈಗ್ಲೇ ತೆಗಿ. ನಾಳೆ ನಂಗೂ ಬೇಕಾಯ್ತದೆ. ಆಗ ನನ್ ಮಗಳು ಇನ್ನೊಂದ್ಸಲ ಊರೆಲ್ಲ ಹುಡುಕ್ಬಾರ್ದು."

ರಾಮಲಕ್ಷ್ಮಮ್ಮ ಎದ್ದು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಹಣೆ ಬರಿದಾಗಿತ್ತು, ಕೈ ಬರಿದಾಗಿತ್ತು. ಅದೇ ದಿನ ಉಡಿಸಿದ ಬಿಳಿ ಸೀರೆಯ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ. ಒಳಗೆ ಕಲ್ಪನಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

ಮಾಲಾ ಕ್ಯಾಮೆರಾ ಎತ್ತಿದಳು. ಮೊದಲನೆಯದು ಮಸುಕಾಗಿ ಬಂತು. ಎದುರಿನ ಗೋಡೆಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ಮತ್ತೊಂದು ತೆಗೆದಳು.

"ತೆಗೆದ್ಯಾ?"

"ಊಂ."

"ತೋರ್ಸು."

ಪುಟ್ಟ ಪರದೆಯ ಮೇಲೆ ಬಂದ ಮುಖವನ್ನು ರಾಮಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಗಂಡ ಸತ್ತ ಮೇಲೆ ಅವಳು ಕನ್ನಡಿ ನೋಡಿರಲಿಲ್ಲ.

"ಹಿಂಗಾಗೋದ್ನಾ ನಾನು?" ಎಂದಳು.

ಅಷ್ಟು ದಿನ ಅಳದೆ ಕೂತಿದ್ದವಳು ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿ, ಗಂಡನನ್ನು ಹೆಸರು ಹಿಡಿದು ಕೂಗಿ ಅಳತೊಡಗಿದಳು. ಕಲ್ಪನಾ ಓಡಿಬಂದು ಅವ್ವನನ್ನು ತಬ್ಬಿಕೊಂಡಳು. ಮಾಲಾ ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ಅವರಿಬ್ಬರ ಪಕ್ಕದಲ್ಲಿ ಕೂತಳು. ಕಲ್ಪನಾ ಅವಳ ಕಡೆ ನೋಡಲಿಲ್ಲ.