ಕಿತ್ತು ನೆಟ್ಟ ಸಬ್ಬಸಿಗೆ

ಕುದೇರಿನ ಚಿಕ್ಕಮಾದಮ್ಮನ ಹಿತ್ತಲಲ್ಲಿ ಸಬ್ಬಸಿಗೆ ಮಡಿ ಎರಡನೇ ಸಲವೂ ಬಾಡಿ ಮಲಗಿತ್ತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಚಾಮುಂಡಿಗೆ ಎಂಟನೇ ತಿಂಗಳು ನಡೆಯುತ್ತಿತ್ತು. ಬಾಣಂತಿಯ ತಟ್ಟೆಗೆ ಸಬ್ಬಸಿಗೆ ಇಲ್ಲದಿದ್ದರೆ ಹೇಗೆ? ಸಂತೆಯಿಂದ ತಂದ ಸೊಪ್ಪು ಮನೆ ಸೇರುವಷ್ಟರಲ್ಲಿ ಸೊರಗಿರುತ್ತಿತ್ತು. ಆದರೆ ಆ ತಾಯಿಯನ್ನು ಸುಡುತ್ತಿದ್ದುದು ಸೊಪ್ಪಿನ ಚಿಂತೆಯೊಂದೇ ಅಲ್ಲ. ತನ್ನ ಕೈಗುಣವೇ ಕೆಟ್ಟಿದೆ, ಈ ಕೈ ಮುಟ್ಟಿದರೆ ಕೂಸೂ ಉಳಿಯದು ಎಂಬ ದಿಗಿಲು ಅವಳನ್ನು ಹೊಕ್ಕಿತ್ತು.

ಹೊಸದಾಗಿ ಬಂದಿದ್ದ ಗ್ರಾಮಸೇವಕಿ ಗುರುಮಲ್ಲಮ್ಮನ ಮುಂದೆ ಒಂದು ದಿನ ಹೇಳಿಯೇಬಿಟ್ಟಳು.

"ಕೂಸ್ಗೆ ನೀರುಯ್ಯಕೆ ಬ್ಯಾರೆಯೋರ್ನ ಕರೀರವ್ವ. ನನ್ ಕೈ ಬ್ಯಾಡ. ಸೊಪ್ಪೇ ಬದುಕ್ನಿಲ್ಲ, ಇನ್ನು ಕೂಸು ಉಳ್ಕಂಡದಾ?"

ಗುರುಮಲ್ಲಮ್ಮ ನಗಲಿಲ್ಲ. ಬಾಡಿದ ಸಸಿಯೊಂದನ್ನು ಎತ್ತಿ ನೋಡಿದಳು.

"ಇದ್ನ ಎಂಗ್ ನೆಟ್ಟೆ?"

"ರಾಗಿ ಪೈರ್ನಂಗೆ. ಒಂದ್ಕಡೆ ಒತ್ತಾಗಿ ಬೀಜ ಚೆಲ್ಲಿ ಒಟ್ಲು ಬುಟ್ಟು, ಆಮ್ಯಾಕೆ ಕಿತ್ತು ಸಾಲಾಗಿ ನೆಟ್ಟೆ."

"ಅದೇ ಕಣವ್ವ ಆಗಿರೋದು. ರಾಗಿ ತಡ್ಕತದೆ, ಸಬ್ಸಿಗೆ ತಡ್ಕಳಲ್ಲ. ನೋಡು, ಕೀಳುವಾಗ್ಲೇ ತಾಯಿಬೇರು ತುಂಡಾಗ್ಬುಟ್ಟದೆ. ನಿನ್ ಕೈಗೇನಾಗದೆ?"

"ಓದ್ದೋರು ನೀವು, ಮಾತ್ಗೇನು ಬುಡಿ."

ಆದರೂ ಇಬ್ಬರೂ ಸೇರಿ ಮಣ್ಣು ಸಡಿಲಿಸಿ ಹಳೇ ಗೊಬ್ಬರ ಬೆರೆಸಿದರು. ಬೀಜವನ್ನು ಮಡಿಯಲ್ಲೇ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರು. ಕೊಡದಿಂದ ಸುರಿಯದೆ ಕೈಯಲ್ಲೇ ನೀರು ಚಿಮುಕಿಸಿದರು.

ವಾರವಾಯಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ. ಮೊಳಕೆಯೇ ಕಾಣದಿದ್ದರೆ ಹೆತ್ತವಳು ಏನು ಮಾಡಬೇಕು? ಕೆದಕಿ ನೋಡಲು ಬೆರಳು ತುರಿಸುತ್ತಿತ್ತು. ಮಗಳು ಸೊಂಟ ಹಿಡಿದುಕೊಂಡರೂ ಎದೆ ಹಾರುತ್ತಿತ್ತು.

ಒಂದು ಬೆಳಗ್ಗೆ ಹಿತ್ತಲಿನಿಂದ ಚಾಮುಂಡಿ ಕೂಗಿದಳು. "ಅವ್ವಾ, ಬಾ ಇಲ್ಲಿ! ಅಸ್ರು ಕಾಣ್ತಾದೆ!"

ಚಿಕ್ಕಮಾದಮ್ಮ ಓಡಿ ಬಂದು ಮಡಿಯ ಪಕ್ಕ ಕುಕ್ಕರಿಸಿದಳು. ಎಳೆ ಸಸಿಗಳನ್ನು ಮುಟ್ಟಲಿಲ್ಲ, ಸುಮ್ಮನೆ ಅತ್ತಳು.

ಸೊಪ್ಪು ಗೇಣುದ್ದ ಬೆಳೆದ ಹೊತ್ತಿಗೆ ಹೆರಿಗೆಯಾಯಿತು, ಹೆಣ್ಣುಮಗು. ಬಚ್ಚಲಲ್ಲಿ ನೀರು ಕಾದಿತ್ತು. ನೀರು ಹುಯ್ಯಲು ಕರೆಸಿದ್ದ ನೆರೆಮನೆಯ ಪುಟ್ಟಸಿದ್ದಮ್ಮ ಕೂಸನ್ನೆತ್ತಿಕೊಂಡು ನಿಂತಿದ್ದಳು. ಚಿಕ್ಕಮಾದಮ್ಮ ಬಚ್ಚಲ ಬಾಗಿಲಲ್ಲೇ ನಿಂತಳು. ಹಿತ್ತಲಿನ ಕಡೆ ನೋಡಿದಳು. ಸಬ್ಬಸಿಗೆ ಸೊಂಪಾಗಿ ನಿಂತಿತ್ತು. ಸೀರೆ ಮೇಲಕ್ಕೆ ಸಿಕ್ಕಿಸಿ ಕಾಲು ಚಾಚಿ ಕೂತಳು.

"ಕೊಡಮ್ಮಿ ಕೂಸ್ನ. ನಾನೇ ನೀರುಯ್ತೀನಿ" ಅಂದಳು.

ತಾಯಂದಿರೇ, ಸಬ್ಬಸಿಗೆಯನ್ನು ಕಿತ್ತು ನೆಡಬೇಡಿ, ಬೆಳೆಯಬೇಕಾದ ಕಡೆಯೇ ಬಿತ್ತಿ. ಬುಡ ಉಳಿಸಿ ಕೊಯ್ಯಿರಿ, ಮತ್ತೆ ಚಿಗುರುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಇಂದೇ ಒಂದು ಮಡಿ ಮಾಡಿ. ಹೆರಿಗೆಯ ಭಯವಿದ್ದರೆ ದಾದಿಯನ್ನು ಕೇಳಿ, ಬಾಡಿದ ಗಿಡವನ್ನು ಕೇಳಬೇಡಿ.