ಯಾರೂ ಸಾಯದ ಮನೆಯ ಅಳು

ಮಹೇಕ್ ಪಾಲಿಗೆ ಬಂದದ್ದು ಅಳು. ಪಾಂಡವಪುರದ ಕಾಲೇಜಿನಲ್ಲಿ ಎಂ.ಎ. ತರಗತಿಗೆ ಗ್ರೀಕ್ ನಾಟಕ ಪಾಠ ಮಾಡುತ್ತಿದ್ದ ಅಶೋಕ್ ಸರ್, ಬರೀ ನಾಟಕ ಓದಿದರೆ ಏನೂ ತಿಳಿಯುವುದಿಲ್ಲ, ಆ ಜನ ಏನು ತಿನ್ನುತ್ತಿದ್ದರು, ಯಾವ ದೇವರಿಗೆ ಏನು ಬಲಿ ಕೊಡುತ್ತಿದ್ದರು ಎಲ್ಲ ಗೊತ್ತಿರಬೇಕು ಎಂದು ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚಿದ್ದರು. ಒಬ್ಬಳಿಗೆ ಅಡುಗೆ, ಇನ್ನೊಬ್ಬನಿಗೆ ಮುಖವಾಡ. ಮಹೇಕ್‌ಗೆ, ಸತ್ತವರ ಮುಂದೆ ಹೆಂಗಸರು ಅಳುತ್ತಿದ್ದ ರೀತಿ.

ಓದಿದಷ್ಟೂ ಅವಳಿಗೆ ಗೊಂದಲವಾಯಿತು. ಅಥೆನ್ಸಿನಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ ಎಣ್ಣೆ ಹಚ್ಚುತ್ತಿದ್ದವರು ಹೆಂಗಸರು. ತಲೆಗೂದಲು ಕಿತ್ತುಕೊಂಡು ಹಾಡಿ ಅಳುತ್ತಿದ್ದವರೂ ಅವರೇ. ಆಮೇಲೆ ಊರಿನವರು ಕಾನೂನು ಮಾಡಿ ಹೆಂಗಸರ ಅಳುವಿಗೆ ಕಡಿವಾಣ ಹಾಕಿದರು. ಆದರೆ ದ್ರಾಕ್ಷಾರಸದ ದೇವರ ಹಬ್ಬದಲ್ಲಿ ಗಂಡಸರು ಹೆಣ್ಣಿನ ಮುಖವಾಡ ತೊಟ್ಟು ಅದೇ ಅಳುವನ್ನು ಸಾವಿರಾರು ಜನರ ಎದುರು ಹಾಡಿದರು. ಮನೆಯಲ್ಲಿ ಬೇಡವಾದದ್ದು ದೇವರ ಮುಂದೆ ಯಾಕೆ ಬೇಕಾಯಿತು? ಅವಳಿಗೆ ಹೊಳೆಯಲಿಲ್ಲ.

ಇನ್ನೊಂದು ತೊಡಕೂ ಇತ್ತು. ಹಾಡಿ ಅಳುವುದನ್ನು ಅವಳು ಒಮ್ಮೆಯೂ ಹತ್ತಿರದಿಂದ ಕೇಳಿರಲಿಲ್ಲ. ಅವಳ ಮನೆ ಶ್ರೀರಂಗಪಟ್ಟಣದಲ್ಲಿ. ತಂದೆ ಸರ್ದಾರ್ ಪಾಷಾ ಗೂಡ್ಸ್ ಆಟೋ ಓಡಿಸುತ್ತಿದ್ದರು. ದಾದಿ, ಅಂದರೆ ತಂದೆಯ ತಾಯಿ, ತೀರಿಕೊಂಡಾಗ ಅವಳು ಜೋರಾಗಿ ಅತ್ತಿದ್ದಕ್ಕೆ ಅಮ್ಮಿ ಪಕ್ಕಕ್ಕೆ ಕರೆದು, "ಕಣ್ಣಲ್ಲಿ ಆಂಸೂ ಬಂದ್ರೆ ಬರ್ಲಿ ಬೇಟಾ, ಆವಾಜ್ ಮಾಡ್ಬಾರ್ದು" ಎಂದಿದ್ದರು.

"ನಮ್ಮಜ್ಜಿ ಹತ್ರ ಬಾ," ಎಂದಳು ಜೊತೆಯಲ್ಲಿ ಓದುತ್ತಿದ್ದ ಶ್ವೇತ. "ಸುತ್ತಮುತ್ತ ಎಲ್ಲಿ ಸಾವಾದ್ರೂ ನಮ್ಮಜ್ಜೀನೇ ಮೊದ್ಲು ದನಿ ತೆಗೆಯೋದು."

ಹಾಗೆ ಮಹೇಕ್ ಒಂದು ಭಾನುವಾರ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಸಿಂಧಘಟ್ಟದ ಬಸ್ಸು ಹಿಡಿದಳು. ಶ್ವೇತಳ ಅಜ್ಜಿ ದ್ಯಾವಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಶ್ವೇತಳ ತಾಯಿ ಹಿತ್ತಿಲಿನಲ್ಲಿ ಹಸುಗಳಿಗೆ ಮೇವು ಹಾಕುತ್ತಿದ್ದರು. ಬಂದ ಕೆಲಸವನ್ನು ಮಹೇಕ್ ಹೇಳಿದಾಗ ದ್ಯಾವಮ್ಮ ಕೈ ನಿಲ್ಲಿಸಿ ಅವಳನ್ನು ನೋಡಿದರು.

"ಯಾರು ಮಗ ಸತ್ತೋದೋರು?"

"ಯಾರೂ ಇಲ್ಲ ಅಜ್ಜಿ. ಹೇಗೆ ಅಳ್ತೀರಿ ಅಂತ ಕೇಳ್ಬೇಕಿತ್ತು."

"ಯಾರೂ ಸಾಯ್ದಲೆ ಎಂಗವ್ವ ಅಳಾದು? ಅದೇನು ಸೋಬಾನೆ ಪದವಾ, ಕೇಳ್ದೋರ್ಗೆಲ್ಲ ಯೇಳಾಕೆ?"

ಮಹೇಕ್ ಯೋಚಿಸಿ, ತಾನು ಓದುತ್ತಿದ್ದ ನಾಟಕಗಳಲ್ಲಿ ಬರುವಂಥ ಒಬ್ಬ ಹುಡುಗನ ಕಥೆ ಹೇಳಿದಳು. ಬಹಳ ಹಿಂದೆ, ದೂರದ ದೇಶದಲ್ಲಿ, ಯುದ್ಧದಲ್ಲಿ ಸತ್ತವನು. ದ್ಯಾವಮ್ಮ ಒಂದೊಂದಾಗಿ ಕೇಳತೊಡಗಿದರು. ಏನು ತಿಂತಿದ್ದ? ಬಾರ್ಲಿ ರೊಟ್ಟಿ, ಅಂಜೂರ. ಯಾವುದರಲ್ಲಿ ಹೋದ? ಹಡಗಿನಲ್ಲಿ. ಅಕ್ಕ ತಂಗಿ ಇದ್ದರಾ? ಒಬ್ಬಳು ಅಕ್ಕ ಇದ್ದಳು ಎಂದಳು ಮಹೇಕ್. ಅದು ಅವಳ ಬಾಯಿಗೆ ಹಾಗೇ ಬಂದ ಉತ್ತರ.

"ಅಕ್ಕ ಇದ್ಲಾ," ಎಂದರು ದ್ಯಾವಮ್ಮ.

ಮೊರವನ್ನು ಪಕ್ಕಕ್ಕಿಟ್ಟು ಸೆರಗಿನ ತುದಿ ಬಾಯಿಗೆ ಹಿಡಿದರು. ಮೊದಲು ದನಿ ಸಣ್ಣಗಿತ್ತು. ಅಂಜೂರ ತಿಂದವ್ನೆ, ಹಡಗು ಹತ್ತಿದವ್ನೆ, ಮರಳಿ ಬಾರದವ್ನೆ. ತಾವು ಕಾಣದ ಸಮುದ್ರವನ್ನು ನೆನೆಯಲು ಹೋಗಿ ಒಂದೆರಡು ಸಲ ತಡವರಿಸಿದರು. ಶ್ವೇತ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾ ನಗು ತಡೆದುಕೊಂಡಿದ್ದಳು. ಆಮೇಲೆ ದನಿ ಏರಿತು. ನನ್ನ ಬೆನ್ನಿಗೆ ಬಿದ್ದವ್ನೇ, ನನ್ನ ಸೊಂಟದ ಮೇಲೆ ಬೆಳೆದವ್ನೇ, ನಾಗಮಂಗಲದ ದಾರಿ ಮರೆತೋಯ್ತೇನೋ ನನ್ನಪ್ಪಾ, ಮುದ್ದಯ್ಯಾ.

ಶ್ವೇತಳ ನಗು ನಿಂತಿತು. ಮುದ್ದಯ್ಯ ದ್ಯಾವಮ್ಮನ ಒಬ್ಬನೇ ತಮ್ಮ. ನಾಗಮಂಗಲದ ಕಡೆ ತೆಂಗಿನ ತೋಟ ನೋಡಿಕೊಂಡು ಗಟ್ಟಿಮುಟ್ಟಾಗಿದ್ದರು. ದ್ಯಾವಮ್ಮನ ಗಂಡ ತೀರಿಕೊಂಡಾಗ ಅವರು ಬಂದದ್ದು ಮಣ್ಣಾದ ಮೇಲೆ. ತವರಿನಿಂದ ಬರಬೇಕಾಗಿದ್ದ ಸೀರೆಯೂ ಬಂದಿರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಹಿತ್ತಿಲಿನಿಂದ ಶ್ವೇತಳ ತಾಯಿ ಓಡಿ ಬಂದರು. ಅವರಿಗಿಂತ ಮೊದಲೇ ಬೀದಿಯ ಹೆಂಗಸರು ಬಾಗಿಲಲ್ಲಿದ್ದರು. ಒಬ್ಬಾಕೆ ದ್ಯಾವಮ್ಮನ ತೋಳು ಹಿಡಿದು ತಾನೂ ಅಳಲು ಶುರುಮಾಡಿದಳು. ಮುದ್ದಯ್ಯ ಯಾವಾಗ ಹೋದ, ಏನಾಗಿತ್ತು ಎಂದು ಎಲ್ಲರೂ ಕೇಳುವವರೇ. ಮಹೇಕ್ ಗೋಡೆಗೆ ಒರಗಿ ನಿಂತುಬಿಟ್ಟಳು. ಪುಸ್ತಕದಲ್ಲಿ ನೋಡುಗರು ಕೂತಲ್ಲೇ ಕೂತಿದ್ದರು. ಇಲ್ಲಿ ಅವರು ಒಳಗೇ ಬಂದಿದ್ದರು. ಯಾರನ್ನು ತಡೆಯಬೇಕು, ಏನೆಂದು ಹೇಳಬೇಕು ಎಂದು ತಿಳಿಯದೆ ಅವಳಿಗೂ ಕಣ್ಣು ತುಂಬಿ ಬಂತು.

ಸಮಾಧಾನ ಮಾಡಿ ಎಲ್ಲರನ್ನೂ ಕಳಿಸಲು ಬಹಳ ಹೊತ್ತು ಹಿಡಿಯಿತು. ಶ್ವೇತಳ ತಾಯಿ ಅತ್ತೆಗೆ ಏನೂ ಅನ್ನಲಾರದೆ ಮಗಳ ಮೇಲೆ ರೇಗಿದರು.

"ಬಾಳೋ ಮನೇಲಿ ಇಂಗಾ ಮಾಡ್ಸಾದು? ಇದೇನೇ ನಿಮ್ಮ ಓದು?"

"ತಪ್ಪಾಯ್ತು ಆಂಟಿ," ಎಂದಳು ಮಹೇಕ್. ತನ್ನ ತಪ್ಪು ಯಾವುದು ಎಂಬುದು ಮಾತ್ರ ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡರು. ಆದರೆ ಎದುರು ಮನೆಯ ನಂಜಪ್ಪ ಆಗಲೇ ಮುದ್ದಯ್ಯನ ಮಗ ದಿಲೀಪ್‌ಗೆ ಫೋನ್ ಮಾಡಿಬಿಟ್ಟಿದ್ದ. "ದ್ಯಾವಮ್ಮನ ಮನೇಲಿ ಎಲ್ರೂ ಅಳ್ತಾವ್ರೆ, ನಿಮ್ಮಪ್ಪಂಗೆ ಏನಾಯ್ತಪ್ಪ" ಎಂದು ಕೇಳಿದ್ದ. ಆ ಕಡೆಗೆ ಕೇಳಿಸಿದ್ದು ಮೊದಲ ಅರ್ಧ ಮಾತ್ರ. ಲೈನು ಕಟ್ಟಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಮನೆ ಮುಂದೆ ಆಟೋ ನಿಂತಿತು. ಮುದುಕರೊಬ್ಬರು ಬೀದಿಯಲ್ಲೇ ಚಪ್ಪಲಿ ಬಿಟ್ಟು, ಕಂಕುಳಲ್ಲಿ ಅಂಗಡಿಯ ಕವರು ಒತ್ತಿಕೊಂಡು ಬಂದರು. ಜಗುಲಿಯ ಮೇಲೆ ದ್ಯಾವಮ್ಮ ಕಾಫಿ ಕುಡಿಯುತ್ತಿದ್ದರು. ಮುದ್ದಯ್ಯ ನಡುಬೀದಿಯಲ್ಲೇ ನಿಂತರು.

"ಯಾಕಕ್ಕ ಇಂಗೆ ಕುಂತಿದ್ದೀಯೆ?"

"ಇನ್ನೆಂಗೆ ಕುಂತ್ಕೊಳ್ಳನಾ?"

"ನೀನು ಓಗ್ಬುಟ್ಟೆ ಅಂದ್ರು."

"ನೀನೂ ಓಗ್ಬುಟ್ಟೆ ಅಂತ ಬೀದಿಯೋರೆಲ್ಲ ಬಂದಿದ್ರು."

ಮುದ್ದಯ್ಯ ಮೆಟ್ಟಿಲ ಮೇಲೆ ಕುಸಿದು ಕೂತರು. ದಾರಿಯುದ್ದಕ್ಕೂ ಬಾರದ ಅಳು ಈಗ ಬಂತು. ದನಿಯೇ ಇರಲಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು.

"ಬದುಕಿವ್ನಿ ಕಣ್ಲಾ. ಈಗ್ಯಾಕಳ್ತೀಯೆ?"

"ಆವತ್ತು ತಡವಾಗಿ ಬಂದೆ ಅಂದೆ. ಇವತ್ತು ಕೇಳ್ದೇಟ್ಗೆ ಎದ್ದು ಬಂದಿವ್ನಿ. ಬಂದ್ರೆ ನೀನು ಕಾಫಿ ಕುಡೀತಿದ್ದೀಯೆ."

ಕವರಿನಲ್ಲಿ ಏನು ಎಂದು ದ್ಯಾವಮ್ಮ ಕೇಳಿದರು. ಮುದ್ದಯ್ಯ ಕವರನ್ನು ಹಿಂದಕ್ಕೆ ಸರಿಸಿದರು. ಅಕ್ಕನ ಹೆಣಕ್ಕೆ ಹೊದಿಸಲು ತವರಿನ ಸೀರೆ, ನಾಗಮಂಗಲದ ಅಂಗಡಿಯಲ್ಲಿ ಕೊಂಡದ್ದು. ಶ್ವೇತಳ ತಾಯಿ, "ಅದ ಒಳೀಕೆ ತರ್ಬ್ಯಾಡಿ ಮಾವ, ವಾಪಸ್ ಕೊಟ್ಬುಡಿ" ಎಂದು ಬೇಡಿಕೊಂಡರು. ದ್ಯಾವಮ್ಮ ಕೈ ಚಾಚಿದರು.

"ತತ್ತಾ ಇಲ್ಲಿ. ಸತ್ತ ಮ್ಯಾಲೆ ತಂದಿದ್ರೆ ನಾನೆಲ್ಲಿ ನೋಡ್ತಿದ್ದೆ?"

ಸೀರೆಯನ್ನು ಬಿಚ್ಚಿ, ಅಂಚನ್ನು ಬೆರಳಲ್ಲಿ ಉಜ್ಜಿ, ಬಣ್ಣ ಗಾಢವಾಯಿತು ಎಂದರು. ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

ಹೊರಡುವ ಮೊದಲು ಮುದ್ದಯ್ಯನಿಗೆ ಒಂದು ಅನುಮಾನ ಬಂತು. ಸಾವಿನ ಮನೆ ಎಂದು ಬಂದವರು ಸ್ನಾನ ಮಾಡದೆ ಮನೆಗೆ ಹೋಗುವಂತಿಲ್ಲ. ಸಾವೇ ಆಗದಿದ್ದರೆ? ನಂಜಪ್ಪನನ್ನು ಕೇಳಿದರೆ ಅವನು ತಲೆ ಕೆರೆದುಕೊಂಡ. ಕೊನೆಗೆ, ಮಾಡಿದರೆ ತಪ್ಪೇನಿಲ್ಲ ಎಂದು ನೀರು ಕಾಯಿಸಿದರು. ಮುದ್ದಯ್ಯ ಸ್ನಾನ ಮಾಡಿ, ಅಕ್ಕನ ಪಕ್ಕದಲ್ಲೇ ಕೂತು ಮುದ್ದೆ ಉಂಡು, ಬಸ್ಸಿಗೆ ಹೋದರು.

ಸೆಮಿನಾರಿನಲ್ಲಿ ಮಹೇಕ್ ನಡೆದದ್ದನ್ನೆಲ್ಲ ಹೇಳಿದಳು. ಅಶೋಕ್ ಸರ್ ಕೇಳಿದರು: "ಆ ಅಜ್ಜಿ ಅತ್ತದ್ದು ನಿಜವೋ, ನಟನೆಯೋ?"

"ಮೊದಲು ನಟನೆ ಸರ್. ತಮ್ಮನ ಹೆಸರು ಬಂದ ಮೇಲೆ ನಿಜ." ಹೇಳಿದ ಕೂಡಲೇ ಅನುಮಾನವಾಯಿತು. ತಮ್ಮ ಬದುಕಿದ್ದನಲ್ಲ, ಆ ಅಳು ನಿಜ ಹೇಗಾಗುತ್ತದೆ? "ಗೊತ್ತಿಲ್ಲ ಸರ್," ಎಂದು ಕೂತಳು. ಸರ್ ಮುಖವಾಡದ ವಿಷಯ ಸಿಕ್ಕಿದ್ದವನನ್ನು ಕರೆದರು.

ಬಸ್ ನಿಲ್ದಾಣಕ್ಕೆ ನಡೆಯುವಾಗ ಶ್ವೇತ ಜಗಳಕ್ಕೇ ನಿಂತಳು. "ನಮ್ಮಜ್ಜಿ ಮೊದಲಿಂದ್ಲೂ ಅವ್ರ ತಮ್ಮನಿಗೇ ಅತ್ತಿದ್ದು. ನಿನ್ನ ಹಡಗಿನ ಹುಡುಗನ್ನ ಯಾರು ಕಂಡೋರು?"

"ಹಂಗಾದ್ರೆ ಆ ಹುಡುಗನಿಗೆ ಯಾರೂ ಅಳ್ಲಿಲ್ವಾ?"

ಈಗ ಅಜ್ಜಿಯೂ ಮುದ್ದಯ್ಯನೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ, ಅಜ್ಜ ತೀರಿಕೊಂಡಾಗ ಸುದ್ದಿ ತಡವಾಗಿ ಮುಟ್ಟಿಸಿದವರು ಯಾರು ಎಂದು ದಿನಾ ಜಗಳವಾಡುತ್ತಾರೆ ಎಂದಳು ಶ್ವೇತ. ಅಷ್ಟರಲ್ಲಿ ಶ್ರೀರಂಗಪಟ್ಟಣದ ಬಸ್ಸು ಬಂತು. ಮಹೇಕ್ ಹತ್ತಿ, ಕಿಟಕಿಯ ಪಕ್ಕ ಕೂತು, ಅಜ್ಜಿಯ ರೆಕಾರ್ಡಿಂಗಿನಲ್ಲಿ ಹಡಗಿನ ಹುಡುಗನ ಭಾಗವನ್ನು ತನಗೆ ಕಳಿಸು ಎಂದು ಶ್ವೇತಳಿಗೆ ಕೂಗಿದಳು. ಬಸ್ಸು ಹೊರಟಿತು.